ಫೌಜಿ ಕಾಕಾಗ ಸೆಲ್ಯೂಟ್, ಬೆಳಗಾವಿಗೆ ಒಂದು ತಾರೀಖಿನ ನೆನಪು



ನಮ್ಮ ಫೌಜಿ ಕಾಕಾ ತೀರಿಕೊಂಡು ಇವತ್ತಿಗೆ ಒಂದು ತಿಂಗಳು. 81 ವರ್ಷ ಆಗಿತ್ತು. ಬೆಳಗಾವಿಯಿಂದ, ಖಾನಾಪುರದಿಂದ, ಲೋಂಡಾ, ನಂದಗಡ ಕಡೆಯಿಂದ ಬಂದು ಕಾಕು ಹತ್ತಿರ ಕೂತು ಹೋದ ಎಲ್ಲರಿಗೂ ನಮ್ಮ ಮನೆಯವರ ಪರವಾಗಿ ಧನ್ಯವಾದ. ಫೋನ್ ಮಾಡಿದವರಿಗೂ, ಮೆಸೇಜ್ ಹಾಕಿದವರಿಗೂ. ಆದರೆ ಈ ಒಂದು ತಿಂಗಳಲ್ಲಿ ನೋಡಿದ್ದು, ಕೇಳಿದ್ದು ಮನಸ್ಸಿನಲ್ಲಿ ಇಟ್ಕೊಂಡು ಕೂಡೋಕೆ ಆಗ್ತಿಲ್ಲ. ಪೋಸ್ಟ್ ಉದ್ದ ಆಗ್ತದ. ಪುರುಸೊತ್ತು ಮಾಡ್ಕೊಂಡು ಓದ್ರಿ. ಓದಿ ಬರೇ ಲೈಕ್ ಒತ್ತಿ ಹೋಗಬ್ಯಾಡ್ರಿ, ಕೊನೆಗೆ ಒಂದು ಕೆಲಸ ಹೇಳೀನಿ.

ನಮ್ಮ ಓಣಿಯ ಹುಡುಗರು ಪ್ರೀತಿಯಿಂದ ಒಂದು ಫ್ಲೆಕ್ಸ್ ಹಾಕಿಸಿದ್ದರು. ಕಾಕಾನ ಯೂನಿಫಾರ್ಮ್ ಫೋಟೋ, ಹಿಂದೆ ತಿರಂಗಾ, ಕೆಳಗೆ ದೊಡ್ಡ ಅಕ್ಷರದಲ್ಲಿ "ಜಾತಿ ಮೀರಿದ ವೀರಯೋಧ". ಹುಡುಗರ ಪ್ರೀತಿ ಖರೆ. ಆದರೆ ಆ ಮಾತು ಖರೆ ಅಲ್ಲ. ಕಾಕಾ ಜಾತಿ ಮೀರಿರಲಿಲ್ಲ, ಮೀರೋಕೆ ಯಾರೂ ಬಿಟ್ಟಿರಲಿಲ್ಲ. ಇನ್ನೂ ಒಂದು ಮಾತು: 21 ವರ್ಷ ಅವರು ತಮ್ಮ ಜಾತಿಯ ಹೆಸರನ್ನೇ ಹಿತ್ತಾಳೆ ಅಕ್ಷರದಲ್ಲಿ ಭುಜದ ಮೇಲೆ ಹಾಕ್ಕೊಂಡು ಓಡಾಡಿದವರು. ಅವರ ರೆಜಿಮೆಂಟಿನ ಹೆಸರು ಮಹಾರ್ ರೆಜಿಮೆಂಟ್.

ಊರಲ್ಲಿ ಇದೇ ಪದ ಬೈಗುಳ. ಜಗಳ ಬಂದರೆ ಮೊದಲು ಬಾಯಿಗೆ ಬರೋ ಪದ. ಖಾನಾಪುರ ಕಡೆ ನಾವು ಎರಡು ಭಾಷೆಯೊಳಗ ಬೆಳೆದವರು, ಮನೆಯೊಳಗ ಮರಾಠಿ, ಬಾಜಾರದಾಗ ಕನ್ನಡ. ಗಡಿ ಜಗಳ ಬಂದಾಗೆಲ್ಲ ಎರಡೂ ಕಡೆಯವರು ನಮ್ಮನ್ನ ತಮ್ಮವರು ಅಂತಾರ. ಕಾಕಾ ಅದಕ್ಕೆ ನಗತಿದ್ರು. "ಗಡಿ ಅಂದ್ರ ಏನು ಅಂತ ನಾ ಕಣ್ಣಾರೆ ನೋಡೇನಿ ಬಾಳಾ. ಇವರಿಗೆ ನಾವು ಬೇಕು ಎಣಿಸಾಕ. ಬೈಯಾಕ ಮಾತ್ರ ಎರಡೂ ಭಾಷಾದಾಗ ಒಂದೇ ಪದ ಐತಿ" ಅಂತಿದ್ರು. ಆ ಒಂದೇ ಪದವನ್ನ ಸೈನ್ಯದಲ್ಲಿ ಭುಜದ ಮೇಲೆ ಹಾಕ್ಕೊಂಡು ಜನರಲ್ ಆದವರಿದ್ದಾರೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ವಿ. ಕೃಷ್ಣರಾವ್, ಜನರಲ್ ಕೆ. ಸುಂದರ್‌ಜಿ ಇಬ್ಬರೂ ಮಹಾರ್ ರೆಜಿಮೆಂಟಿನ ಅಧಿಕಾರಿಗಳು. 1987ರ ನವೆಂಬರ್‌ನಲ್ಲಿ ಶ್ರೀಲಂಕಾದಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ 8ನೇ ಮಹಾರ್ ಬಟಾಲಿಯನ್ನಿನವರು. ಇವರು ಯಾರೂ ನಮ್ಮ ಕೇರಿಯಲ್ಲಿ ಹುಟ್ಟಿದವರಲ್ಲ. ಆದರೂ ಆ ಬಿಲ್ಲೆಯನ್ನ ಎದೆ ಉಬ್ಬಿಸಿ ಹಾಕ್ಕೊಂಡವರು. ಇವತ್ತು ಆ ರೆಜಿಮೆಂಟಿನಲ್ಲಿ ಬೇರೆ ಬೇರೆ ಸಮುದಾಯದ ಜವಾನರೂ ಇದ್ದಾರೆ, ಎಲ್ಲರ ಗುರುತೂ ಅದೇ ಹೆಸರು. ಪದ ಒಂದೇ, ಹೇಳೋ ಬಾಯಿ ಬೇರೆ.

ಹಂಗಾಗಿ "ಜಾತಿ ಮೀರಿದ" ಅಂತ ಬರೆದಾಗ ಏನಾಗ್ತದ ಅಂದ್ರ, ಕಾಕಾನನ್ನ ಎತ್ತಿ ಮೇಲೆ ಕೂಡಿಸಿ ಅವರ ಹಿಂದಿನ ಕೇರಿಯನ್ನ ಅಳಿಸಿದಂಗಾಗ್ತದ. "ನಿಮ್ಮವರು ಒಬ್ಬರು ಒಳ್ಳೆಯವರಿದ್ರು, ಅವರು ನಿಮ್ಮಂಗಲ್ಲ" ಅನ್ನೋ ಮಾತಿನ ಇನ್ನೊಂದು ರೂಪ ಅದು. ಹುಡುಗರಿಗೆ ಕೂಡಿಸಿ ಹೇಳಿದೆ. ಫ್ಲೆಕ್ಸ್ ತೆಗೆಸಲಿಲ್ಲ, ಅವರ ರೊಕ್ಕ, ಅವರ ಪ್ರೀತಿ. ಆದರೆ ಇತಿಹಾಸ ಹೇಳಬೇಕು ಅಂತ ಅವತ್ತೇ ಅನಿಸ್ತು.

ಇತಿಹಾಸ ಏನು ಅಂದ್ರ, ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. 1941ರ ಅಕ್ಟೋಬರ್ 1ರಂದು ಅದರ ಮೊದಲನೇ ಬಟಾಲಿಯನ್ ಇಲ್ಲಿ ಶುರುವಾಯ್ತು. ಮುಂದೆ 1942ರಲ್ಲಿ 25ನೇ ಬಟಾಲಿಯನ್ನೂ ಬೆಳಗಾವಿಯಲ್ಲೇ. ಎರಡನೆಯದು ನಾಗಪುರದ ಹತ್ತಿರದ ಕಾಮಠಿಯಲ್ಲಿ. ನಾನು ಕೆಲಸ ಮಾಡೋ ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಕೇಳಿ ನೋಡಿದೆ, ಹನ್ನೊಂದು ಜನ ಇದ್ರು. ಮರಾಠಾ ಸೆಂಟರ್ ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ, ಅದು ಈ ಊರಿನ ಹೆಮ್ಮೆ. ಗಾಂಧೀಜಿ 1924ರಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದದ್ದು ಗೊತ್ತು. ರಾಯಣ್ಣನನ್ನ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಗೊತ್ತು. ಮಹಾರ್ ರೆಜಿಮೆಂಟ್ ಇಲ್ಲಿ ಹುಟ್ಟಿದ್ದು ಹನ್ನೊಂದರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದರಲ್ಲಿ ಇಬ್ಬರು ನಮ್ಮವರೇ.

ಅದು ತಾನಾಗೇ ಹುಟ್ಟಲಿಲ್ಲ, ಯಾರೋ ದಯೆಯಿಂದ ಕೊಡಲಿಲ್ಲ. ಶಿವಾಜಿ ಮಹಾರಾಜರ ಕಾಲದಿಂದ ಕೋಟೆ ಕಾವಲಿಗೆ ನಮ್ಮವರು ಇದ್ರು. ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯದಲ್ಲಿ ಇದ್ರು. 1818ರ ಜನವರಿ 1ರ ಭೀಮಾ ಕೋರೆಗಾಂವ್ ಎಲ್ಲರಿಗೂ ಗೊತ್ತಿದೆ. ಅಷ್ಟಾದ ಮೇಲೆ ಏನಾಯ್ತು? 1892ರ ಸುಮಾರಿಗೆ ಬ್ರಿಟಿಷರು "ಯೋಧ ಜನಾಂಗ" ಅಂತ ಒಂದು ಲೆಕ್ಕ ಹಾಕಿ ಮಹಾರರ ಭರ್ತಿ ಬಂದ್ ಮಾಡಿದರು. ನೂರು ವರ್ಷ ಕಾದಿದವರು ಒಂದೇ ಕಾಗದದಿಂದ ಯೋಧರಲ್ಲ ಅಂತಾದರು. ಗೋಪಾಳ ಬಾಬಾ ವಲಂಗಕರ್ ಅರ್ಜಿ ಬರೆದರು, ಶಿವರಾಮ ಜಾನಬಾ ಕಾಂಬಳೆ ಅರ್ಜಿ ಬರೆದರು. ಕೇಳಿಸ್ಕೊಳ್ಳಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜನ ಸಾಲಲಿಲ್ಲ, ಆಗ 1917ರಲ್ಲಿ ನೆನಪಾಯ್ತು, 111ನೇ ಮಹಾರ್ ಅಂತ ಒಂದು ಪಲ್ಟಣ್ ಕಟ್ಟಿದರು. ಯುದ್ಧ ಮುಗೀತು, 1921ರಲ್ಲಿ ಅದನ್ನ ಬರಖಾಸ್ತು ಮಾಡಿ ಮನೆಗೆ ಕಳಿಸಿದರು. ಎರಡನೇ ಮಹಾಯುದ್ಧ ಬಂತು. 1941ರ ಜುಲೈನಲ್ಲಿ ಬಾಬಾಸಾಹೇಬರು ವೈಸರಾಯ್ ಅವರ ರಕ್ಷಣಾ ಸಲಹಾ ಸಮಿತಿಗೆ ಬಂದರು, ಒಳಗೆ ಕೂತು ಒತ್ತಾಯ ಹಾಕಿದರು, ಹೊರಗೆ ನಮ್ಮ ಜನರಿಗೆ ಭರ್ತಿ ಆಗ್ರಿ ಅಂತ ಕರೆ ಕೊಟ್ಟರು. ಮೂರೇ ತಿಂಗಳಿಗೆ, ಅಕ್ಟೋಬರ್ 1ಕ್ಕೆ, ಬೆಳಗಾವಿಯಲ್ಲಿ ಬಟಾಲಿಯನ್ ನಿಂತಿತು.

ಬೇಕಾದಾಗ ಕರೀತಾರ, ಮುಗಿದ ಮೇಲೆ ಕಳಸ್ತಾರ. ಇದು ನಮ್ಮ ಸಮುದಾಯದ ಸೈನ್ಯದ ಇತಿಹಾಸದ ಸಾರಾಂಶ. ಹಂಗ ಕಳಿಸಾಕ ಆಗದಂಗ ಒಂದು ಕಾಯಂ ಜಾಗ ಮಾಡ್ಕೊಟ್ಟದ್ದು ಬಾಬಾಸಾಹೇಬರು. ಸ್ವಾತಂತ್ರ್ಯದ ಹೊತ್ತಿಗೆ, ದೇಶ ಒಡೆದಾಗ, ಇದೇ ರೆಜಿಮೆಂಟಿನ ಮೂರು ಬಟಾಲಿಯನ್ನುಗಳು ಪಂಜಾಬಿನಲ್ಲಿ ನಿರಾಶ್ರಿತರನ್ನ ಕಾಯ್ದು ಗಡಿ ದಾಟಿಸಿದವು. ಊರಿನ ಬಾವಿ ಮುಟ್ಟಬಾರದು ಅಂತ ಅನ್ನಿಸ್ಕೊಂಡವರು ಸಾವಿರಾರು ಕುಟುಂಬಗಳ ಜೀವ ಕೈಯಲ್ಲಿ ಹಿಡ್ಕೊಂಡು ನಡೆದರು.

ಈಗ ನಮ್ಮ ಚಳವಳಿಯ ಕೆಲವು ಹುಡುಗ ಹುಡುಗಿಯರು ನನ್ನನ್ನ ಕೇಳ್ತಾರ. "ಅಕ್ಕಾ, ಮೊದಲು ಬ್ರಿಟಿಷರ ಸೈನ್ಯ, ಆಮೇಲೆ ಸರ್ಕಾರದ ಸೈನ್ಯ. ಬಡವರ ಮಕ್ಕಳು ಸಾಯೋಕೆ ಹೋಗೋದರಲ್ಲಿ ಹೆಮ್ಮೆ ಏನೈತಿ?" ಪ್ರಶ್ನೆ ತಪ್ಪಲ್ಲ. ಇದನ್ನ ಕೇಳಲೇಬೇಕು. ಆದರೆ ಉತ್ತರ ಪುಸ್ತಕದಿಂದ ಕೊಡೋ ಬದಲು ನಮ್ಮ ಮನೆಯಿಂದಲೇ ಕೊಡ್ತೀನಿ.

ಕಾಕಾ ಭರ್ತಿ ಆದದ್ದು 1963ರಲ್ಲಿ, ಚೀನಾ ಯುದ್ಧದ ಮರುವರ್ಷ. ವಯಸ್ಸು ಹತ್ತೊಂಬತ್ತು. ನಮ್ಮ ಅಜ್ಜ ಊರಿನ ವತನದ ಕೆಲಸ ಮಾಡ್ತಿದ್ದರು. ಮಹಾರಕಿ ಅಂತಾರ. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಊರೂರಿಗೆ ಮುಟ್ಟಿಸೋದು, ಬಂದ ಸಾಹೇಬರ ಗಂಟು ಹೊರೋದು, ರಾತ್ರಿ ಕಾವಲು. ಕೂಲಿ ಅಂತ ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳು. ಈ ಪದ್ಧತಿಯನ್ನ ರದ್ದು ಮಾಡೋ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯ್ತು, ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ಕಾಗದದ ಮೇಲೆ ವತನ ಹೋಯ್ತು, ಕೆಲಸ ಹೋಗಲಿಲ್ಲ. ಕಾಕಾ ಖಾನಾಪುರ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ಹೋದ ಮೇಲೆ ಊರ ಹಿರಿಯರು ಅಜ್ಜನ ಹತ್ರ ಬಂದು ಕೇಳಿದ್ದು ಒಂದೇ ಮಾತಂತೆ: "ನಿನ್ನ ಮಗ ಬಂದೂಕ ಹಿಡದರ ಇಲ್ಲಿ ದನಾ ಯಾರ ಎಳೀಬೇಕು?"

ಇದನ್ನ ಕೇಳಿಸ್ಕೊಂಡವರಿಗೆ ಸೈನ್ಯ ಅಂದ್ರ ಏನು ಅಂತ ಗೊತ್ತಾಗ್ತದ. ಶೌರ್ಯ ಆಮೇಲೆ. ಮೊದಲು ಸಂಬಳ. ಯಾರ ಮುಂದೂ ಕೈಯೊಡ್ಡದೆ ತಿಂಗಳಿಗೊಮ್ಮೆ ಬರೋ ಸಂಬಳ. ನಮ್ಮ ಕೇರಿಗೆ ಪೋಸ್ಟ್‌ಮನ್ ಬರೋದು ಶುರುವಾದದ್ದು ಕಾಕಾನ ಮನಿಆರ್ಡರ್‌ನಿಂದ. ಅಲ್ಲಿಯ ತನಕ ನಮಗೆ ಬರೆಯೋರೂ ಇರಲಿಲ್ಲ, ಬರೆದರೆ ಓದೋರೂ ಇರಲಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತಿ ರೊಕ್ಕ ತಗೊಂಡು ಮೊದಲು ಮಾಡಿದ ಕೆಲಸ ಸುಗ್ಗಿ ಕಾಳು ಬ್ಯಾಡ ಅಂದದ್ದು. ಕಾಳು ಬ್ಯಾಡ ಅಂದ್ರ ದನಾನೂ ಎಳೆಯೋದಿಲ್ಲ ಅಂತ ಅರ್ಥ. ಇಡೀ ಕೇರಿಯಲ್ಲಿ ಆ ಮಾತು ಹೇಳಿದ ಮೊದಲ ಮನೆ ನಮ್ಮದು. ಹೆಮ್ಮೆ ಅಂದ್ರ ಇದು.

ಎರಡನೆಯದು ಅಕ್ಷರ. ಊರ ಶಾಲೆಯ ವರಾಂಡದಲ್ಲಿ ಕೂತು ನಾಲ್ಕನೇ ತನಕ ಕಲಿತ ಕಾಕಾ ಮಧ್ಯಪ್ರದೇಶದ ಸಾಗರದಲ್ಲಿ, ರೆಜಿಮೆಂಟ್ ಸೆಂಟರಿನಲ್ಲಿ, ಬೆಂಚಿನ ಮೇಲೆ ಕೂತು ಕಲಿತರು. ಸೈನ್ಯದಲ್ಲಿ ಮೇಲೆ ಹೋಗಬೇಕಂದ್ರ ಅಲ್ಲಿನ ಶಿಕ್ಷಣದ ಸರ್ಟಿಫಿಕೇಟ್ ಬೇಕು. ಒಂದೊಂದೇ ಪಾಸ್ ಮಾಡಿ ಹವಾಲ್ದಾರ್ ಆದರು. ಬಾಬಾಸಾಹೇಬರ ತಂದೆ ಸುಬೇದಾರ್ ರಾಮಜಿ ಸಕ್ಪಾಲ್ ಸೈನ್ಯದ ಶಾಲೆಯಲ್ಲಿ ಮುಖ್ಯಗುರು ಆಗಿದ್ದರು, ಬಾಬಾಸಾಹೇಬರು ಹುಟ್ಟಿದ್ದು ಮಹೂ ಛಾವಣಿಯಲ್ಲಿ. ಛಾವಣಿಯ ಶಾಲೆ ಇಲ್ಲದಿದ್ದರೆ ಆ ಮನೆಗೆ ಅಷ್ಟು ಬೇಗ ಅಕ್ಷರ ಬರ್ತಿತ್ತಾ ಅಂತ ಯೋಚನೆ ಮಾಡ್ರಿ. ಭರ್ತಿ ಬಂದ್ ಮಾಡಿದಾಗ ನಮ್ಮವರು ಅಷ್ಟು ಅರ್ಜಿ ಬರೆದದ್ದು ಬಂದೂಕಿನ ಆಸೆಗಲ್ಲ. ಸಂಬಳ, ಶಾಲೆ, ಪಿಂಚಣಿ ಮೂರೂ ಒಂದೇ ಏಟಿಗೆ ಬಂದ್ ಆಗಿದ್ದವು. ಕಾಕಾ ಇದನ್ನ ಒಂದೇ ಮಾತಿನಲ್ಲಿ ಹೇಳತಿದ್ರು: "ಬಂದೂಕ ವಾಪಸ್ ಕೊಟ್ಟು ಬರಬೇಕಾಗ್ತದ. ಕಲತದ್ದು ಯಾರೂ ವಾಪಸ್ ತಗೊಳ್ಳೋದಿಲ್ಲ."

ಇನ್ನೊಂದು ಕಡೆಯವರಿಗೂ ಒಂದು ಮಾತು ಹೇಳಬೇಕು. ನಮ್ಮ ಸೈನಿಕರನ್ನ ದೇಶಭಕ್ತಿಯ ಸರ್ಟಿಫಿಕೇಟ್ ಮಾಡ್ಕೊಂಡು ಓಡಾಡೋರಿಗೆ. ಮೀಸಲಾತಿ ಬಗ್ಗೆ ಮಾತಾಡಿದರೆ, ದೌರ್ಜನ್ಯದ ಬಗ್ಗೆ ಮಾತಾಡಿದರೆ, "ನಿಮ್ಮ ಕಾಕಾನೇ ಫೌಜಿ, ಅವರು ಒಂದು ದಿನ ಹಿಂಗ ಮಾತಾಡಿದ್ರಾ?" ಅಂತ ನನಗೆ ಕೇಳಿದವರಿದ್ದಾರೆ. ಮಾತಾಡಿದ್ರು. ನೀವು ಕೇಳಿಸ್ಕೊಂಡಿಲ್ಲ ಅಷ್ಟೇ.

1965ರ ಯುದ್ಧ ಮುಗಿದ ಮೇಲೆ ರಜೆಗೆ ಬಂದಾಗಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಊರಿನ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಕಪ್ಪು, ಹೊರಗೆ ಗೂಡಿನಲ್ಲಿ ಇಟ್ಟಿರೋದು, ಕುಡಿದು ತೊಳೆದು ಇಡಬೇಕು. ಕಾಕಾ ಯೂನಿಫಾರ್ಮ್ ಹಾಕ್ಕೊಂಡು ಹೋಗಿ ಒಳಗೆ ಬಾಕಿನ ಮೇಲೆ ಕೂತರು. ಚಹಾ ಬರಲಿಲ್ಲ. ಒಂದು ತಾಸು ಕೂತು ಎದ್ದು ಬಂದರು. ಮರುದಿನ ಸೈನ್ಯದ ತಮ್ಮ ಮಗ್ ಒಯ್ದು ಮುಂದಿಟ್ಟು, "ನಿಮ್ಮ ಕಪ್ಪಿಗೆ ಮೈಲಿಗಿ ಆಗೋದು ಬ್ಯಾಡ, ಇದರಾಗ ಹಾಕ್ರಿ, ಆದರ ನಾ ಇಲ್ಲೇ ಕೂತ ಕುಡೀತೀನಿ" ಅಂದರು. ಹೋಟೆಲಿನವನು ಆ ದಿನ ಒಲೆ ಆರಿಸಿ ಬಾಗಿಲು ಹಾಕಿದ. ರಜೆ ಇದ್ದಷ್ಟೂ ದಿನ ಕಾಕಾ ಬೆಳಿಗ್ಗೆ ಹೋಗಿ ಕೂಡ್ತಿದ್ರು. ಜೇಬಿನಲ್ಲಿ ಒಂದು ಚೀಟಿ, ಅದರ ಮೇಲೆ ತಮ್ಮ ಕೈಯಾರೆ ಬರೆದದ್ದು: ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ, 1955. ಯಾರಾದರೂ "ಯಾಕಪಾ ದಿನಾ ಬರ್ತಿ" ಅಂದ್ರ ಆ ಚೀಟಿ ತೋರಸ್ತಿದ್ರು. ಬೈಲಿಲ್ಲ, ಹೊಡೀಲಿಲ್ಲ. ಮೂರನೇ ರಜೆಗೆ ಬಂದಾಗ ಒಳಗಿನ ಕಪ್ಪಿನಲ್ಲಿ ಚಹಾ ಸಿಕ್ಕಿತು. ಬರೇ ಅವರಿಗೆ. ಉಳಿದವರಿಗೆ ಗೂಡಿನ ಕಪ್ಪೇ. ಅವರು ಕುಡೀಲಿಲ್ಲ. "ಎಲ್ಲಾರಿಗೂ ಕೊಡೋ ದಿನ ಕುಡೀತೀನಿ" ಅಂದು ಎದ್ದು ಬಂದರು. ಜಾತಿ ಮೀರೋ ಅವಕಾಶವನ್ನ ಊರೇ ಕೊಟ್ಟಾಗ ಬ್ಯಾಡ ಅಂದ ಮನುಷ್ಯ ಅವರು.

ರಕ್ಷಾ ಮೆಡಲ್, ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್ ಎಲ್ಲ ಕರೀ ಟ್ರಂಕಿನಲ್ಲಿ ಇದ್ದವು. 1965, 1971 ಎರಡೂ ಯುದ್ಧ ನೋಡಿದವರು. ಆದರೆ ಯುದ್ಧದ ಕಥೆ ಕೇಳಿದರೆ ಥಂಡಿಯ ಬಗ್ಗೆ ಹೇಳ್ತಿದ್ರು, ಮಷಿನ್‌ಗನ್ನಿನ ಭಾರದ ಬಗ್ಗೆ ಹೇಳ್ತಿದ್ರು, ಸತ್ತ ಗೆಳೆಯರ ಹೆಸರು ಹೇಳ್ತಿದ್ರು. ಕೊಂದದ್ದು ಹೇಳ್ತಿರಲಿಲ್ಲ. ಟಿವಿಯಲ್ಲಿ ಯುದ್ಧ ಬೇಕು ಅಂತ ಕಿರಚೋರನ್ನ ನೋಡಿದರೆ ಎದ್ದು ಬಂದ್ ಮಾಡ್ತಿದ್ರು.

ಈಗ ಈ ತಿಂಗಳ ಮಾತಿಗೆ ಬರ್ತೀನಿ. ಕಾಕಾನ ಅಂತ್ಯಕ್ರಿಯೆಗೆ ಬಂದ ಮಾಜಿ ಸೈನಿಕರು ಎಲ್ಲ ಸಮುದಾಯದವರು. ಮರಾಠರು, ಲಿಂಗಾಯತರು, ಮುಸ್ಲಿಮರು, ಎಂಬತ್ತರ ಹತ್ತಿರದ ಮುದುಕರು, ಮೆಡಲ್ ಹಾಕ್ಕೊಂಡು ಸಾಲಾಗಿ ನಿಂತು ಸೆಲ್ಯೂಟ್ ಕೊಟ್ಟರು. ನಮ್ಮ ಮನೆಯಲ್ಲಿ ಕೂತು ನೀರು ಕುಡಿದರು. ಊರಿನಿಂದಲೂ ದೊಡ್ಡ ಮಂದಿ ಬಂದರು. ಹಾರ ಹಾಕಿದರು, ಫೋಟೋ ತೆಗೆಸ್ಕೊಂಡರು, "ದೇಶಕ್ಕಾಗಿ ದುಡಿದ ಜೀವ" ಅಂದರು. ಚಹಾ ಮುಂದಿಟ್ಟಾಗ, "ಈಗ ಕುಡದ ಬಂದೇವಿ" ಅಂದರು. ಸಾವಿನ ಮನೆ, ಸೂತಕ ಅಂತ ಅನ್ನಬಹುದು. ನಮ್ಮ ಮನೆಯಲ್ಲಿ ಸೂತಕ ಇಲ್ಲದ ದಿನವೂ ಅವರು ಕುಡದೇ ಬಂದಿರ್ತಾರ. ಅರವತ್ತು ವರ್ಷದ ಹಿಂದೆ ಅವರ ಕಪ್ಪು ನಮ್ಮಿಂದ ಮೈಲಿಗಿ ಆಗ್ತಿತ್ತು, ಈಗ ನಮ್ಮ ಕಪ್ಪು ಅವರಿಗೆ ಮುಟ್ಟೋದಿಲ್ಲ. ಫ್ಲೆಕ್ಸಿನ ಮೇಲಿನ ವೀರಯೋಧನಿಗೆ ಹಾರ ಹಾಕೋದು ಸುಲಭ. ಅವನ ಹೆಂಡತಿ ಮಾಡಿದ ಚಹಾ ಕುಡಿಯೋದು ಕಷ್ಟ. ನೀವು ಸೈನಿಕನಿಗೆ ಗೌರವ ಕೊಡಬೇಕು ಅಂತಿದ್ರೆ ಅಲ್ಲಿಂದ ಶುರು ಮಾಡ್ರಿ.

ಇನ್ನು ಸರ್ಕಾರ. ಮಾಜಿ ಸೈನಿಕರಿಗೆ ಭೂಮಿ ಮಂಜೂರು ಮಾಡೋಕೆ ನಿಯಮದಲ್ಲೇ ಪಾಲು ಇದೆ, ಪರಿಶಿಷ್ಟ ಜಾತಿಗೂ ಪಾಲು ಇದೆ. ಕಾಕಾ ಎರಡರಲ್ಲೂ ಬರ್ತಿದ್ರು. 1984ರಲ್ಲಿ ನಿವೃತ್ತಿ ಆಗಿ ಬಂದ ಮೇಲೆ ಒಂದು ಕಚೇರಿಗೆ ಅರ್ಜಿ ಕೊಟ್ಟರು. ಜಾಗ ಇಲ್ಲ ಅಂದರು, ಜಾಗ ತೋರಿಸಿದರೆ ಗಾಯರಾಣ ಅಂದರು, ಮತ್ತೊಂದು ತೋರಿಸಿದರೆ ಅರಣ್ಯ ಅಂದರು. ಖಾನಾಪುರ ತಾಲೂಕು ಕಾಡಿನ ತಾಲೂಕು, ಅರಣ್ಯ ಅಂದ್ರ ಯಾರೂ ಎದುರು ಮಾತಾಡೋ ಹಂಗಿಲ್ಲ. ನಾನು ಕ್ಲರ್ಕ್ ಕೆಲಸಕ್ಕೆ ಸೇರಿದ ಮೇಲೆ ಫೈಲಿನ ಭಾಷೆ ನನಗೂ ಗೊತ್ತಾಯ್ತು. "ಪರಿಶೀಲನೆಯಲ್ಲಿದೆ" ಅಂದ್ರ ಯಾರ ಮೇಜಿನ ಮೇಲೂ ಇಲ್ಲ ಅಂತ. ಕಾಕಾ ಇದಕ್ಕೆ ಒಳ್ಳೆ ಫೌಜಿ ಹೆಸರಿಟ್ಟಿದ್ರು. ಸೈನ್ಯದಲ್ಲಿ ಮುಂದೆ ಹೋಗದೆ ನಿಂತಲ್ಲೇ ಕಾಲು ಕುಣಿಸೋದಕ್ಕೆ ಕದಮ್‌ತಾಲ್ ಅಂತಾರ. "ನನ್ನ ಫೈಲು ಕದಮ್‌ತಾಲ್ ಮಾಡಾಕತ್ತೈತಿ ಬಾಳಾ, ಆವಾಜ್ ಬರ್ತೈತಿ, ಮುಂದ ಹೋಗೋದಿಲ್ಲ" ಅಂತ ನಗತಿದ್ರು. ಆ ಫೈಲು ಕಾಕಾನಿಗಿಂತ ಹೆಚ್ಚು ಬಾಳಿಕೆ ಬಂತು.

ಭೂಮಿ ಬರಲಿಲ್ಲ ಅಂತ ಕೂತು ಅಳಲಿಲ್ಲ. ಬೆಳಗಾವಿಯಲ್ಲಿ ಒಂದು ಬ್ಯಾಂಕಿನಲ್ಲಿ ಗಾರ್ಡ್ ಆಗಿ ದುಡಿದರು. ಅಪ್ಪನಿಗೆ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಕೂಲಿ, ನಾವು ನಾಲ್ಕು ಮಕ್ಕಳು. ಹತ್ತನೇ ಆದ ಮೇಲೆ ನನ್ನ ಮದುವೆ ಮಾತು ಬಂತು. ಕಾಕಾ ತಮ್ಮ ಪಿಂಚಣಿ ಪುಸ್ತಕ ತಂದು ಅಪ್ಪನ ಮುಂದೆ ಇಟ್ಟು, "ಇದು ಆಕೀದು. ಬಿಎ ಆಗೋ ತನಕ ಈ ಮನ್ಯಾಗ ಮದುವಿ ಮಾತು ಬರಬಾರದು" ಅಂದರು. ಆ ಪಿಂಚಣಿಯಿಂದ ಓದಿದವರು ನಮ್ಮ ಕೇರಿಯಲ್ಲಿ ನಾನೊಬ್ಬಳೇ ಅಲ್ಲ, ಏಳು ಹುಡುಗಿಯರು. ಇಬ್ಬರು ಶಿಕ್ಷಕಿಯರು, ಒಬ್ಬಳು ನರ್ಸ್. ಮಷಿನ್‌ಗನ್ ಹೊತ್ತ ಭುಜ ಆಮೇಲೆ ಹೊತ್ತದ್ದು ಇದನ್ನ.

ಆದರೆ ಅವರು ಮಾಡಿದ ದೊಡ್ಡ ಕೆಲಸ ಬೇರೆ ಇದೆ, ಅದನ್ನ ಯಾವ ಫ್ಲೆಕ್ಸಿನಲ್ಲೂ ಬರೆದಿಲ್ಲ. ಪ್ರತಿ ಭಾನುವಾರ ಖಾನಾಪುರ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಹಾದಂಗಡಿಯ ಬಾಕಿನ ಮೇಲೆ ಕೂಡ್ತಿದ್ರು. ಕೈಯಲ್ಲಿ ರಟ್ಟಿನ ಫೈಲು, ಪೆನ್ನು, ಇಂಕ್ ಪ್ಯಾಡು. ತಾಲೂಕಿನ ಹಳ್ಳಿಗಳಿಂದ ಸೈನಿಕರ ಹೆಂಡಂದಿರು ಬರ್ತಿದ್ರು, ಹೆಚ್ಚಿನವರು ವಿಧವೆಯರು. ಯಾವ ಜಾತಿ ಅಂತ ಕೇಳ್ತಿರಲಿಲ್ಲ. ಕುಟುಂಬ ಪಿಂಚಣಿಯ ಕಾಗದ ತುಂಬಿಕೊಡ್ತಿದ್ರು, ರೆಕಾರ್ಡ್ ಆಫೀಸಿಗೆ ಪತ್ರ ಬರೆದುಕೊಡ್ತಿದ್ರು. ಒಂದು ಪೈಸೆ ತಗೊಳ್ಳಲಿಲ್ಲ, ಚಹಾ ಕುಡಿಸಿದರೆ ಕುಡೀತಿದ್ರು.

ಆ ಕಾಗದಗಳಲ್ಲಿ ಏನು ತೊಂದರೆ ಇರ್ತದ ಅಂದ್ರ, ಹೆಸರು. ಗಂಡ ಭರ್ತಿ ಆದಾಗ ಅಲ್ಲಿನ ಕ್ಲರ್ಕ್ ಕೇಳಿಸಿದಂಗೆ ಬರೆದುಕೊಂಡಿರ್ತಾನ. ಮದುವೆ ಆದದ್ದನ್ನ ಗಂಡ ಯೂನಿಟ್ಟಿಗೆ ತಿಳಿಸಿರೋದಿಲ್ಲ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಮದುವೆ ದಿನ ಅಕ್ಕಿಯಲ್ಲಿ ಬರೆದಿಟ್ಟ ಇನ್ನೊಂದು ಹೆಸರು, ಆಧಾರ್‌ನಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಬಂದ ಮೂರನೇ ಹೆಸರು. ಗಂಡ ಬದುಕಿರೋ ತನಕ ಯಾರೂ ನೋಡೋದಿಲ್ಲ. ಅವನು ಸತ್ತ ದಿನ ಆಕೆ ಅವನ ಹೆಂಡತಿ ಅಂತ ಸಾಬೀತು ಮಾಡಬೇಕು. ಐವತ್ತು ವರ್ಷ ಸಂಸಾರ ಮಾಡಿದ ಹೆಣ್ಣುಮಗಳು ಕೌಂಟರಿನ ಮುಂದೆ ನಿಂತು, ಇವರು ನನ್ನ ಗಂಡ ಅಂತ ಅಫಿಡವಿಟ್ ಕೊಡಬೇಕು.

ಕಾಕಾನ ಜೊತೆ ಒಮ್ಮೆ ಭೀಮಾ ಕೋರೆಗಾಂವಿಗೆ ಹೋಗಿದ್ದೆ. ಎಲ್ಲರೂ ಕಂಬದ ಮುಂದೆ ಕೈ ಮುಗಿದು ಫೋಟೋ ತೆಗೆಸ್ಕೊಂಡರು. ಕಾಕಾ ಕನ್ನಡಕ ಏರಿಸಿಕೊಂಡು ಅಲ್ಲಿ ಕೆತ್ತಿರೋ ಹೆಸರುಗಳನ್ನ ಒಂದೊಂದಾಗಿ ಓದಿದರು, "ನಾಕ್" ಅಂತ ಕೊನೆಯಾಗೋ ನಮ್ಮವರ ಹೆಸರುಗಳನ್ನ ಬೆರಳು ಮಡಚಿ ಎಣಿಸಿದರು. ಅವರ ರೆಜಿಮೆಂಟಿನ ಮೊದಲ ಬಿಲ್ಲೆಯ ಮೇಲೆ ಇದ್ದದ್ದು ಇದೇ ಕಂಬ, ಮುಂದೆ ಅದನ್ನ ತೆಗೆದು ಕಠಾರಿ ಹಾಕಿದರು. ಬಾಬಾಸಾಹೇಬರು 1927ರ ಜನವರಿ 1ರಂದು ಅಲ್ಲಿಗೆ ಬಂದಿದ್ದರು. ಯಾರ ಪರವಾಗಿ ಯಾರು ಕಾದಿದರು ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಕಾಕಾ ಬಸ್ಸಿನಲ್ಲಿ ವಾಪಸ್ ಬರುವಾಗ ಹೇಳಿದ್ದು ಇಷ್ಟೇ: "ಹೆಸರ ಬರದಿಟ್ಟಾರ, ಅದಕ್ಕ ಇನ್ನೂರ ವರ್ಷ ಆದಮ್ಯಾಲೂ ನಾವು ಹೋಗೇವಿ. ಊರಾಗಿನ ನಮ್ಮ ಮಂದಿ ಹೆಸರ ಎಲ್ಲಿ ಬರದಾರ?"

ಹಂಗಾಗಿ ಕಾಕಾಗ ಗೌರವ ಅಂದ್ರ ನನ್ನ ಪ್ರಕಾರ ಹೆಸರು ಬರೆಯೋ ಕೆಲಸ. ಮೂರು ಮಾತು ಹೇಳ್ತೀನಿ.

ಒಂದು, ಅಕ್ಟೋಬರ್ 1. ಮಹಾರ್ ರೆಜಿಮೆಂಟ್ ಈ ಊರಿನಲ್ಲಿ ಹುಟ್ಟಿತು ಅಂತ ಬೆಳಗಾವಿ ನಗರದಲ್ಲಿ ಜನ ಓಡಾಡೋ ಜಾಗದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಒಂದು ಫಲಕ ಬೇಕು. ಮೂರ್ತಿ ಬ್ಯಾಡ, ಕೋಟಿ ರೂಪಾಯಿ ಬ್ಯಾಡ. ಓದೋಕೆ ಬರೋ ಹಂಗೆ ಒಂದು ಕಲ್ಲು ಸಾಕು. ಪಾಲಿಕೆಗೂ ಜಿಲ್ಲಾಡಳಿತಕ್ಕೂ ಮನವಿ ಬರೆದಿದ್ದೀನಿ, ಸಹಿ ಬೇಕು. ಬಾಬಾಸಾಹೇಬರು 1925ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದವರು. ಈ ಜಿಲ್ಲೆಗೂ ಅವರಿಗೂ ಇರೋ ಸಂಬಂಧ ಏಪ್ರಿಲ್ 14ರ ಮೆರವಣಿಗೆಗಿಂತ ದೊಡ್ಡದು. ನಮ್ಮ ಸಂಘಟನೆಗಳೂ ಅಕ್ಟೋಬರ್ 1ನ್ನ ಕ್ಯಾಲೆಂಡರಿಗೆ ಸೇರಿಸ್ಕೋಬೇಕು.

ಎರಡು, ಪಟ್ಟಿ. ಖಾನಾಪುರ ತಾಲೂಕಿನ, ಬೆಳಗಾವಿ ತಾಲೂಕಿನ ಪ್ರತಿ ಕೇರಿಯಿಂದ ಸೈನ್ಯಕ್ಕೆ ಹೋದವರ ಹೆಸರು ಒಂದು ವಹಿಯಲ್ಲಿ ಬರೀರಿ. ಹೆಸರು, ಯಾವ ಪಲ್ಟಣ್, ಭರ್ತಿ ಆದ ವರ್ಷ, ಹೆಂಡತಿಯ ಹೆಸರು, ಭೂಮಿಗೆ ಅರ್ಜಿ ಕೊಟ್ಟಿದ್ರಾ, ಏನಾಯ್ತು. ಮುದುಕರು ಇರೋವಾಗಲೇ ಕೇಳ್ರಿ. ಸರ್ಕಾರ ಬರೀತದ ಅಂತ ಕಾಯಬ್ಯಾಡ್ರಿ.

ಮೂರು, ಇವತ್ತೇ ಮಾಡಬೇಕಾದ ಕೆಲಸ. ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ರೆ, ಯಾವ ಜಾತಿಯವರೇ ಆಗಲಿ, ಅವರು ಬದುಕಿರುವಾಗಲೇ ಟ್ರಂಕ್ ತೆಗೆಸಿ ನಾಲ್ಕು ಕಾಗದ ನೋಡ್ರಿ. ಪಿಂಚಣಿ ಆದೇಶದಲ್ಲಿ, ಅಂದ್ರ ಪಿಪಿಒದಲ್ಲಿ, ಹೆಂಡತಿಯ ಹೆಸರು ಇದೆಯಾ? ಅದು ಆಧಾರ್ ಜೊತೆ ಅಕ್ಷರ ಅಕ್ಷರ ಹೊಂದ್ತದಾ? ಹುಟ್ಟಿದ ತಾರೀಖು ಎರಡರಲ್ಲೂ ಒಂದೇ ಇದೆಯಾ? ಬ್ಯಾಂಕ್ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆಯಾ? ವ್ಯತ್ಯಾಸ ಇದ್ರೆ ಸೈನಿಕರೇ ಸಹಿ ಮಾಡಿ ರೆಕಾರ್ಡ್ ಆಫೀಸಿಗೆ ಬರೆದರೆ ತಿದ್ದೋದು ಸುಲಭ, ಅವರು ಹೋದ ಮೇಲೆ ಬಹಳ ಕಷ್ಟ. ಮಹಾರ್ ರೆಜಿಮೆಂಟಿನವರ ರೆಕಾರ್ಡ್ ಸಾಗರದಲ್ಲಿ, ಮರಾಠಾದವರದು ಇಲ್ಲೇ ಬೆಳಗಾವಿಯಲ್ಲಿ. ಪಿಂಚಣಿ ಈಗ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ, ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ರೆ ನಿಂತುಹೋಗ್ತದ. ಬೆಳಗಾವಿಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ, ಅಲ್ಲೂ ವಿಚಾರಿಸಬಹುದು.

ನಮ್ಮ ಕಾಕುವಿನ ಕಾಗದ ಎಲ್ಲ ಸರಿಯಿತ್ತು. ಮದುವೆಯಾದ ಮೂರನೇ ತಿಂಗಳಿಗೆ ಕಾಕಾ ಆಕೆಯ ಹೆಸರು ಯೂನಿಟ್ಟಿನಲ್ಲಿ ಬರೆಸಿದ್ದರು, ಆಧಾರ್ ಬಂದಾಗ ಅಕ್ಷರ ತಿದ್ದಿಸಿದ್ದರು. ಮೊನ್ನೆ ಅರ್ಜಿ ಕೊಡೋಕೆ ಹೋದಾಗ ಒಂದೂ ತಕರಾರು ಬರಲಿಲ್ಲ. ಕಾಕು ಹೊರಗೆ ಬಂದು, "ಜೀವನದಾಗ ಒಂದಿನಾ ನನಗ ಹೂವು ತಂದು ಕೊಟ್ಟವರಲ್ಲ. ಇದನ್ನ ಮಾಡಿಟ್ಟಿದ್ರ ನೋಡು" ಅಂದರು.

ಖಾನಾಪುರ ಬಸ್ ಸ್ಟ್ಯಾಂಡಿನ ಆ ಬಾಕು ಖಾಲಿ ಇರಬಾರದು ಅಂತ ನಾವು ನಾಲ್ಕು ಜನ ಮಾತಾಡ್ಕೊಂಡಿದ್ದೀವಿ. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರ ತನಕ ಅಲ್ಲಿ ಇರ್ತೀವಿ. ನಿಮ್ಮೂರಿನ ಸೈನಿಕರ ಹೆಂಡಂದಿರಿಗೆ, ವಿಧವೆಯರಿಗೆ ಹೇಳ್ರಿ, ಸಿಕ್ಕ ಕಾಗದ ಎಲ್ಲ ತರಲಿ. ಬರೆಯೋಕೆ ಬರೋ ಹುಡುಗ ಹುಡುಗಿಯರು ಪೆನ್ನು ಹಿಡ್ಕೊಂಡು ಬರ್ರಿ. ಮನವಿಗೆ ಸಹಿ ಹಾಕೋರು ಕಾಮೆಂಟಿನಲ್ಲಿ ಊರಿನ ಹೆಸರು ಬರೀರಿ, ನಾನೇ ಸಂಪರ್ಕ ಮಾಡ್ತೀನಿ.

ಚಹಾ ನಮ್ಮ ಲೆಕ್ಕ. ಒಂದೇ ನಮೂನಿ ಕಪ್ಪಿನಲ್ಲಿ, ಎಲ್ಲಾರಿಗೂ.

ಜೈಭೀಮ್.